ಹೈಸ್ಕೂಲಿನಲ್ಲಿ ಗೇಮಿಂಗ್ ಟೀಮು ಕಟ್ಟುವುದು ಹೇಗೆ: ಒಬ್ಬ ಖೋ ಖೋ ಟೀಚರಿನ ಲೆಕ್ಕ

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹುಡುಗರ ಬಾಯಲ್ಲಿ ‘ಆಟದ ಅಕ್ಕೋರು’. ಹದಿನಾಲ್ಕು ವರ್ಷದಿಂದ ಖೋ ಖೋ ಕಲಿಸುತ್ತಿದ್ದೇನೆ. ಹುಡುಗರ ಕೈಯಲ್ಲಿ ಮೊಬೈಲು ಕಂಡರೆ ಮೈ ಉರಿಯುತ್ತಿತ್ತು. ಈಗ ಮಂಗಳವಾರ, ಶುಕ್ರವಾರ ಸಂಜೆ ಕೊರಳಿಗೆ ಸೀಟಿ ಹಾಕಿಕೊಂಡು ಕಂಪ್ಯೂಟರ್ ರೂಮಿನಲ್ಲಿ ನಿಂತಿರುತ್ತೇನೆ. ಇದು ಹೇಗಾಯಿತು ಎಂದು ಬೇರೆ ಶಾಲೆಗಳ ಟೀಚರುಗಳು ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ಅವತ್ತು ಮಳೆ ಹಿಡಿದಿತ್ತು. ಮೈದಾನದ ಎರೆಮಣ್ಣು ಕಾಲು ಕಿತ್ತಿಡಲು ಬಿಡುತ್ತಿರಲಿಲ್ಲ. ನೀರಿನ ಟಾಕಿಯ ಹಿಂದೆ ಐದು ತಲೆ, ಒಂದು ಫೋನು. ಕಸಿದುಕೊಳ್ಳಲೆಂದೇ ಹೋದವಳು ಗೋಡೆಯ ಮರೆಯಲ್ಲಿ ಎರಡು ನಿಮಿಷ ನಿಂತು ಕೇಳಿದೆ. ಒಬ್ಬ ಆಡುತ್ತಿದ್ದಾನೆ, ಉಳಿದ ನಾಲ್ವರೂ ಒಟ್ಟಿಗೇ ಒದರುತ್ತಿದ್ದಾರೆ. “ಎಡಕ್ಕ ಎಡಕ್ಕ”, “ಹಿಂದ ಬಂದಾನ ನೋಡಲೇ”, “ಓಡಲೇ”, “ಕುಂದರಲೇ”. ಆಡುವವನ ಕಿವಿಗೆ ಯಾರ ಮಾತೂ ಬೀಳುತ್ತಿಲ್ಲ. ಆಟ ಮುಗಿಯಿತು, ಐದೂ ಜನ ಒಬ್ಬರನ್ನೊಬ್ಬರು ಬೈದುಕೊಂಡರು. ಫೋನು ಕಸಿದುಕೊಂಡೆ ಅನ್ನಿ. ಆದರೆ ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ತಲೆಯಲ್ಲಿ ಒಂದೇ ಮಾತು: ಇವರಿಗೆ ಆಟ ಬರುತ್ತದೆ, ಟೀಮು ಬರುವುದಿಲ್ಲ. ಟೀಮು ಕಲಿಸುವುದಕ್ಕೇ ನನಗೆ ಪಗಾರ ಕೊಡುತ್ತಾರೆ.

ಒಪ್ಪಿಗೆ

ಹೆಡ್‌ಮಾಸ್ತರರ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ನಾನು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಇ-ಸ್ಪೋರ್ಟ್ಸ್, ಅಂದರೆ ಕಂಪ್ಯೂಟರ್, ಮೊಬೈಲ್ ಆಟಗಳ ಪಂದ್ಯ, ಪ್ರದರ್ಶನದ ಆಟವಾಗಿತ್ತು. 2023ರಲ್ಲಿ ಹಾಂಗ್‌ಝೌದಲ್ಲಿ ಪದಕದ ಆಟವೇ ಆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ಕ್ರೀಡಾ ಸಚಿವಾಲಯದ ಕೈಕೆಳಗೆ ತಂದಿತು. ಹೆಡ್‌ಮಾಸ್ತರರು ಓದಿ, ಚಷ್ಮಾ ತೆಗೆದು, “ಅದೆಲ್ಲಾ ಖರೇ ರೀ ಮೇಡಂ, ನಾಳೆ ಯಾರರ ಪಾಲಕರು ಬಂದು ಸಾಲ್ಯಾಗ ರಮ್ಮಿ ಕಲಸಾಕತ್ತೀರೇನು ಅಂದ್ರ?” ಎಂದರು. ನ್ಯಾಯವಾದ ಪ್ರಶ್ನೆ. ನಾಲ್ಕನೆಯ ಸಾಲು ತೋರಿಸಿದೆ: 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹಚ್ಚಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಅದರಿಂದ ಬೇರೆ ಇಟ್ಟು ಮಾನ್ಯತೆ ಕೊಟ್ಟಿದೆ. ಆ ಗೆರೆಯನ್ನು ನೀವೂ ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಟೀಮಿನಲ್ಲಿ ಎಂಟ್ರಿ ಫೀ ಇಲ್ಲ, ನಗದು ಬಹುಮಾನ ಇಲ್ಲ, ಗೆದ್ದವರಿಗೆ ಗಿರ್ಮಿಟ್ಟು, ಮಿರ್ಚಿ. ಸೋತವರಿಗೂ ಅದೇ.

ಪಾಲಕರ ಸಭೆ ಇದಕ್ಕಿಂತ ಕಠಿಣ. ಮಗ್ಗದ ಮನೆಯ ಒಬ್ಬ ತಾಯಿ ಎದ್ದು ನಿಂತು, “ಅಕ್ಕೋರ, ಮೊದಲ ನಮ್ಮ ಹುಡುಗ ಫೋನ್ ಕೆಳಗ ಇಡೂದಿಲ್ಲ, ಸಾಲ್ಯಾಗ ನೀವೂ ಅದನ್ನ ಹಚ್ಚಿಕೊಡ್ತೀರೇನ್ರಿ?” ಎಂದು ಕೇಳಿದರು. ಆಗ ಹೊಳೆದ ಶರತ್ತೇ ಈಗ ನಮ್ಮ ಮೊದಲ ನಿಯಮ. ಟೀಮಿಗೆ ಬರುವವರು ರಾತ್ರಿ ಒಂಬತ್ತಕ್ಕೆ ಮನೆಯ ಫೋನು ತಾಯಿ-ತಂದೆಯ ಕೈಗೆ ಕೊಡಬೇಕು. ಕೊಟ್ಟದ್ದಕ್ಕೆ ವಾರಕ್ಕೊಮ್ಮೆ ಡೈರಿಯಲ್ಲಿ ಸಹಿ. ಎರಡು ವಾರ ಸಹಿ ಇಲ್ಲದಿದ್ದರೆ ಬೆಂಚು, ಅಂದರೆ ಆಟವಿಲ್ಲ, ಕೂತು ನೋಡಬೇಕು. ಆ ತಾಯಿ ಎಷ್ಟು ಕಟ್ಟುನಿಟ್ಟೆಂದರೆ ಹುಡುಗ ಒಂಬತ್ತೂ ಐದಕ್ಕೆ ಕೊಟ್ಟ ವಾರ ಸಹಿ ಹಾಕದೆ ಕಳಿಸಿದರು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಒಂದು ಪುಟ ಸಾಕು. ಯಾವ ಆಟ, ಯಾವ ದಿನ, ಎಷ್ಟು ಹೊತ್ತು, ಮಗು ಮನೆಗೆ ಹೊರಡುವ ಸಮಯ, ಇಂಟರ್ನೆಟ್ಟಿನಲ್ಲಿ ಗುರುತಿಲ್ಲದವರ ಜೊತೆ ಆಡಿಸುವುದಿಲ್ಲ ಎಂಬ ಮಾತು. ಈ ಕೊನೆಯದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಆಟ ಆರಿಸುವುದು

ಹುಡುಗರೆಲ್ಲ ಕೇಳಿದ್ದು ಬಿಜಿಎಂಐ, ಮೊಬೈಲಿನಲ್ಲಿ ಆಡುವ ಬಂದೂಕಿನ ಆಟ. ನಾನು ಒಪ್ಪಲಿಲ್ಲ. ಆ ಆಟವೇ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ತಾಸಿನ ಮಿತಿ ಹಾಕಿಕೊಂಡಿದೆ, ಹೆತ್ತವರ ಒಪ್ಪಿಗೆ ಕೇಳುತ್ತದೆ. ಬಂದೂಕು ಒಂದು ಕಡೆ ಇರಲಿ, ಪ್ರತಿಯೊಬ್ಬನಿಗೂ ಒಳ್ಳೆಯ ಫೋನು ಬೇಕು, ಡೇಟಾ ಬೇಕು. ಇದ್ದವನ ಮಗ ಆಡುತ್ತಾನೆ, ಇಲ್ಲದವನ ಮಗ ಹೆಗಲ ಮೇಲಿಂದ ಇಣುಕುತ್ತಾನೆ. ಶಾಲೆಯ ಆಟ ಹಾಗಿರಬಾರದು. ಅದೂ ಅಲ್ಲದೆ ಪಬ್‌ಜಿ 2020ರಲ್ಲಿ ಬಂದ್ ಆಯಿತು, ಅದರ ಬದಲು ಬಂದ ಬಿಜಿಎಂಐ 2022ರಲ್ಲಿ ಫೋನಿನ ಆ್ಯಪ್ ಅಂಗಡಿಯಿಂದ ಮಾಯವಾಗಿ 2023ರಲ್ಲಿ ತಿರುಗಿ ಬಂತು. ಇಂಥದ್ದನ್ನು ನಂಬಿ ವರ್ಷದ ಟೈಮ್‌ಟೇಬಲ್ ಹಾಕುವುದು ಹೇಗೆ?

ನನಗೆ ಬೇಕಾಗಿದ್ದು ಬಿಟ್ಟಿ ಸಿಗುವ, ರಕ್ತ ಇಲ್ಲದ, ಇಂಟರ್ನೆಟ್ ಬೇಡದ, ಹಳೆ ಕಂಪ್ಯೂಟರಿನಲ್ಲಿ ಓಡುವ, ಮೂರ್ಮೂರು ಜನ ಎದುರಾಬದುರಾಗುವ ಆಟ. ನಮ್ಮ ಕಂಪ್ಯೂಟರ್ ಮಾಸ್ತರರು ಹುಡುಕಿಕೊಟ್ಟದ್ದು ಸೂಪರ್‌ಟಕ್ಸ್‌ಕಾರ್ಟ್. ಪುಟ್ಟ ಗಾಡಿಗಳ ರೇಸು, ಲಿನಕ್ಸಿನ ಪೆಂಗ್ವಿನ್ ಟಕ್ಸ್ ಅದರ ಹೀರೋ. ಮುಕ್ತ ತಂತ್ರಾಂಶ, ಉಬುಂಟುವಿನಲ್ಲೂ ವಿಂಡೋಸಿನಲ್ಲೂ ನಡೆಯುತ್ತದೆ. ರೇಸು ನನಗೆ ಬೇಕಾಗಿರಲಿಲ್ಲ, ರೇಸಿನಲ್ಲಿ ಪ್ರತಿಯೊಬ್ಬ ತನ್ನ ಪಾಡಿಗೆ ತಾನು. ಅದರೊಳಗೇ ಸಾಕರ್ ಎಂಬ ಇನ್ನೊಂದು ಬಗೆ ಇದೆ: ಕೆಂಪು ಟೀಮು, ನೀಲಿ ಟೀಮು, ನಡುವೆ ದೊಡ್ಡ ಚೆಂಡು, ಗಾಡಿಯಿಂದ ಗುದ್ದಿ ಗೋಲು ಹೊಡೆಯಬೇಕು. ನೋಡಿದ ಕೂಡಲೇ ಇದೇ ಎಂದೆ. ಕೂತು ಆಡುವ ಸ್ವಭಾವದ ಮಕ್ಕಳಿಗೆ ಲಿಚೆಸ್ ಎಂಬ ಚೆಸ್ಸಿನ ವೆಬ್‌ಸೈಟ್ ಇಟ್ಟಿದ್ದೇವೆ. ಅದೂ ಬಿಟ್ಟಿ, ಜಾಹೀರಾತಿನ ಕಾಟವಿಲ್ಲ, ಟೀಮು ಕಟ್ಟಿ ಆಡಬಹುದು. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ನಮ್ಮಲ್ಲಿ ಅದು ಬಂದರೆ ಬಂತು.

ಕಂಪ್ಯೂಟರ್ ರೂಮು

ನಮ್ಮಲ್ಲಿ ಹತ್ತು ಕಂಪ್ಯೂಟರ್, ಎಂಟು ಬದುಕಿವೆ. ಆಡುವವರಿಗೆ ಆರು ಸಾಕು.

ಆಟವನ್ನು ಒಂದೇ ಸಲ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಎಲ್ಲ ಕಂಪ್ಯೂಟರಿಗೂ ಹಾಕಿ. ಎಲ್ಲದರಲ್ಲೂ ಒಂದೇ ಆವೃತ್ತಿ ಇರಬೇಕು. ನಾವು ನಾಲ್ಕರಲ್ಲಿ ಹಳೆಯದು, ಎರಡರಲ್ಲಿ ಹೊಸದು ಹಾಕಿ, ಒಂದಕ್ಕೊಂದು ಕಾಣಿಸುತ್ತಿಲ್ಲವಲ್ಲ ಎಂದು ಇಡೀ ಸಂಜೆ ಕೇಬಲ್ ಕಿತ್ತು ಕಿತ್ತು ಹಚ್ಚಿದೆವು. ಎಲ್ಲ ಯಂತ್ರಗಳೂ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೋ ರೂಟರಿಗೋ ಸೇರಿರಬೇಕು. ರೂಟರ್ ಇದ್ದರೆ ಅದೇ ಎಲ್ಲರಿಗೂ ಐಪಿ ನಂಬರು, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಹಂಚುತ್ತದೆ. ಬರೀ ಸ್ವಿಚ್ ಇದ್ದರೆ ನೀವೇ ಕೊಡಬೇಕು, 192.168.1.11, ಆಮೇಲೆ 12, 13 ಹೀಗೆ. ನಾವು ಆ ನಂಬರನ್ನು ಮಾನಿಟರಿನ ಮೇಲೆ ಸ್ಟಿಕರ್ ಮಾಡಿ ಅಂಟಿಸಿದ್ದೇವೆ. ಆಮೇಲೆ ಆಟದ ಮೆನುವಿನಲ್ಲಿ ಲೋಕಲ್ ನೆಟ್‌ವರ್ಕಿಗೆ ಹೋಗಿ ಒಂದು ಯಂತ್ರದಲ್ಲಿ ಸರ್ವರ್ ಶುರು ಮಾಡಿ, ಸಾಕರ್ ಆರಿಸಿ, ಗೋಲಿನ ಮಿತಿ ಬೇಡ, ಸಮಯದ ಮಿತಿ ಇಟ್ಟುಕೊಳ್ಳಿ. ಉಳಿದವರು ತಮ್ಮ ತಮ್ಮ ಯಂತ್ರದಿಂದ ಅದಕ್ಕೆ ಸೇರುತ್ತಾರೆ. ಅಕೌಂಟು, ಈಮೇಲು ಏನೂ ಬೇಡ. ಆಟ ತಡವರಿಸಿದರೆ ಗ್ರಾಫಿಕ್ಸನ್ನು ಪೂರ್ತಿ ಕೆಳಗಿಳಿಸಿ. ನೆರಳು ಕಾಣದಿದ್ದರೆ ಗೋಲೇನೂ ತಪ್ಪುವುದಿಲ್ಲ.

ಕೀಬೋರ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರಿಂದ ಒಬ್ಬ ಹುಡುಗನಿಗೆ ನಾನು ಅನ್ಯಾಯ ಮಾಡಿದ್ದೆ. ಮೂರನೆಯ ಯಂತ್ರದಲ್ಲಿ ಕೂರುವ ಹುಡುಗ ಎಡಕ್ಕೆ ತಿರುಗುವಾಗ, ಆಟದಲ್ಲಿ ಅವನ ಗಾಡಿಗೆ ಸಿಕ್ಕ ವಸ್ತು ಎಸೆಯುತ್ತಲೇ ಇರಲಿಲ್ಲ. “ನಿದ್ದಿ ಮಾಡಾಕತ್ತೀಯೇನು?” ಎಂದು ಎರಡು ವಾರ ಬೈದೆ. ಅವನು, “ಒತ್ತೇನ್ರಿ ಅಕ್ಕೋರ” ಎನ್ನುತ್ತಲೇ ಇದ್ದ. ಕೊನೆಗೊಮ್ಮೆ ನಾನೇ ಕೂತು ನೋಡಿದೆ. ಮೇಲಿನ ಬಾಣ, ಎಡಬಾಣ ಎರಡನ್ನೂ ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಸ್ಪೇಸು ತಟ್ಟುವುದೇ ಇಲ್ಲ! ಬಲಬಾಣದ ಜೊತೆ ಸರಿಯಾಗಿ ತಟ್ಟುತ್ತದೆ. ಅಗ್ಗದ ಕೀಬೋರ್ಡುಗಳ ಒಳಗಿನ ತಂತಿಯ ಜಾಲ ಕೆಲವು ಮೂರು-ಕೀಲಿ ಜೋಡಿಗಳನ್ನು ಓದಲಾರದು, ಕೆಟ್ಟಿರುವುದಲ್ಲ, ಅದರ ಕಟ್ಟಣೆಯೇ ಹಾಗೆ. ಹೊಸದು ಕೊಳ್ಳಬೇಕಾಗಿಲ್ಲ. ಆಟದ ಸೆಟ್ಟಿಂಗಿನಲ್ಲಿ ಎಸೆಯುವ ಕೀಲಿಯನ್ನು ಸ್ಪೇಸಿನಿಂದ ಕಂಟ್ರೋಲಿಗೆ ಬದಲಿಸಿ. ಶಿಫ್ಟ್, ಕಂಟ್ರೋಲ್ ಸಾಮಾನ್ಯವಾಗಿ ಈ ಜಗಳಕ್ಕೆ ಬರುವುದಿಲ್ಲ. ಹುಡುಗನ ಹತ್ತಿರ ಎಲ್ಲರ ಮುಂದೆಯೇ ತಪ್ಪಾಯಿತಪ್ಪಾ ಎಂದೆ. ಬೈದದ್ದೂ ಎಲ್ಲರ ಮುಂದೆಯೇ ಅಲ್ಲವೇ.

ಕುರ್ಚಿಗಳು ದೊಡ್ಡವರ ಅಳತೆಯವು. ಎಂಟನೇ ಕ್ಲಾಸಿನವರ ಕಾಲು ತೂಗಾಡುತ್ತಿದ್ದವು, ಅರ್ಧ ತಾಸಿಗೆ ಜೋಮು ಹಿಡಿಯುತ್ತಿತ್ತು. ಕಂಪೌಂಡು ಕಟ್ಟಿ ಉಳಿದ ಇಟ್ಟಿಗೆಗಳಿಗೆ ಹಳೆ ಗೋಣಿಚೀಲ ಸುತ್ತಿ ಕಾಲಡಿ ಇಟ್ಟೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದುತ್ತೇನೆ. ಆಗ ಎಲ್ಲರೂ ಕಿಟಕಿಯಾಚೆ ಬೇವಿನ ಮರವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಕಣ್ಣಿಗೆ ವಿಶ್ರಾಂತಿ.

ಯಾರು ಎಲ್ಲಿ

ಮೊದಲ ತಿಂಗಳು ಆರೂ ಗಾಡಿಗಳು ಚೆಂಡಿನ ಹಿಂದೆ. ಬೆಲ್ಲದ ಹೆಂಟೆಗೆ ಇರುವೆ ಮುತ್ತಿದ ಹಾಗೆ. ಗೋಲು ಖಾಲಿ, ಎದುರಾಳಿಗೆ ಬಂದದ್ದೆಲ್ಲ ಗೋಲು. ಹೇಳಿದರೆ ತಲೆಯಾಡಿಸುತ್ತಾರೆ, ಸೀಟಿ ಊದಿದ ಕೂಡಲೇ ಮತ್ತೆ ಅದೇ. ಪರದೆಯ ಮುಂದೆ ನಿಂತು ಇದನ್ನು ಕಲಿಸುವುದು ಆಗದ ಮಾತು ಎಂದು ಮೈದಾನಕ್ಕೆ ಕರೆದುಕೊಂಡು ಹೋದೆ.

ಸುಣ್ಣದ ಪುಡಿಯಲ್ಲಿ ಪರದೆಯ ಮೈದಾನವನ್ನೇ ಎಳೆದೆ, ಎರಡು ಗೋಲು, ನಡುಗೆರೆ. ಒಬ್ಬನನ್ನು ಹಿಂದೆ, ಒಬ್ಬನನ್ನು ನಡುವೆ, ಒಬ್ಬನನ್ನು ಮುಂದೆ ನಿಲ್ಲಿಸಿದೆ. ಮೂವರ ಸೊಂಟಕ್ಕೂ ಒಂದೇ ಹಗ್ಗ, ಒಬ್ಬರಿಂದ ಒಬ್ಬರಿಗೆ ಆರು ಹೆಜ್ಜೆ ಸಡಿಲ ಬಿಟ್ಟು ಕಟ್ಟಿದ್ದು. ಓಡುವಂತಿಲ್ಲ, ನಡೆಯಬೇಕು. ಮುಂದಿನವ ಚೆಂಡಿಗೆ ಹೋದರೆ ಹಗ್ಗ ಬಿಗಿಯುತ್ತದೆ, ನಡುವಿನವ ಮುಂದೆ ಬರಬೇಕಾಗುತ್ತದೆ. ನಡುವಿನವ ಮುಂದೆ ಬಂದರೆ ಹಿಂದಿನವ ಒಂದು ಹೆಜ್ಜೆ ಸರಿಯಬೇಕು, ಎರಡಲ್ಲ. ಇಬ್ಬರು ಚೆಂಡಿಗೆ ಹೋದರೆ ಹಗ್ಗ ಜೋತು ನೆಲ ಮುಟ್ಟುತ್ತದೆ. ಜೋತಾಗಲೆಲ್ಲ ಸೀಟಿ. ಅರ್ಧ ತಾಸು ಬಿಸಿಲಿನಲ್ಲಿ ಹೀಗೆ ನಡೆಸಿ, ಬೆವರು ಒರೆಸಿಕೊಂಡು ಒಳಗೆ ಕೂರಿಸಿದೆ. ಆಟದ ಮಧ್ಯೆ ಹಿಂದಿನ ಗಾಡಿಯ ಹುಡುಗಿ ತನ್ನಷ್ಟಕ್ಕೇ, “ಹಗ್ಗ ಜೋತೈತಿ, ಹಗ್ಗ ಜೋತೈತಿ” ಎಂದಳು. ಅಂದಿನಿಂದ ಅದೇ ನಮ್ಮ ಟೀಮಿನ ಭಾಷೆ. ಬೇರೆ ಶಾಲೆಯವರಿಗೆ ಅದರ ತಲೆಬುಡ ತಿಳಿಯುವುದಿಲ್ಲ.

ಗಾಡಿಗಳಲ್ಲಿ ಹಗುರ, ಮಧ್ಯಮ, ಭಾರ ಎಂಬ ಭೇದ ಇದೆ. ಗೋಲಿನ ಮುಂದೆ ಭಾರದ್ದನ್ನು ಇಡಿ, ಗುದ್ದಿಸಿಕೊಂಡರೂ ಸರಿಯುವುದು ಕಡಿಮೆ. ಮುಂದಿನವನಿಗೆ ಹಗುರದ್ದು. ಇದರಾಚೆಗಿನ ಸೂಕ್ಷ್ಮಗಳನ್ನು ಹುಡುಗರೇ ಕಂಡುಕೊಳ್ಳುತ್ತಾರೆ, ನೀವು ಕಲಿಸಬೇಕಾಗಿಲ್ಲ. ನನಗಂತೂ ಇವತ್ತಿಗೂ ಗಾಡಿ ನೆಟ್ಟಗೆ ಓಡಿಸಲು ಬರುವುದಿಲ್ಲ.

ಆಯ್ಕೆಯ ದಿನ ಬರೀ ಕೈಚಳಕ ನೋಡಬೇಡಿ. ಗೋಲು ಬಿಟ್ಟುಕೊಟ್ಟ ಮರುಕ್ಷಣ ಹುಡುಗ ಏನು ಮಾಡುತ್ತಾನೆ ನೋಡಿ. ಪಕ್ಕದವನ ಕಡೆ ತಿರುಗಿ ಕಣ್ಣು ಬಿಟ್ಟವನನ್ನು ನಾನು ಸದ್ಯಕ್ಕೆ ಬೆಂಚಿಗೆ ಕಳಿಸುತ್ತೇನೆ. ಬೆಂಚಿನವನಿಗೆ ಕೆಲಸ ಇದೆ: ನಮ್ಮ ವಿರುದ್ಧ ಬಿದ್ದ ಪ್ರತಿ ಗೋಲಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಯಾರು ಎಲ್ಲಿದ್ದರು ಎಂದು. ಬೈಗುಳ ಬರೆಯುವಂತಿಲ್ಲ. ಒಂದು ತಿಂಗಳು ಹೀಗೆ ಬರೆದವನು ತಾನಾಗಿಯೇ ಸುಮ್ಮನಾಗುತ್ತಾನೆ.

ಬಾಯಿ

ಖೋ ಖೋದಲ್ಲಿ ಬೆನ್ನು ಮುಟ್ಟಿ, ಗಟ್ಟಿಯಾಗಿ ‘ಖೋ’ ಎನ್ನಬೇಕು. ಮುಟ್ಟದೆ ಅಂದರೂ ಫೌಲು, ಅನ್ನದೆ ಮುಟ್ಟಿದರೂ ಫೌಲು. ಒಂದೇ ಅಕ್ಷರದಲ್ಲಿ ಆಟ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಮ್ಮ ಟೀಮಿಗೂ ಅಂಥದ್ದೇ ನಾಲ್ಕು ಶಬ್ದ ಕೊಟ್ಟಿದ್ದೇನೆ. “ನಂದು” ಅಂದರೆ ಚೆಂಡಿಗೆ ನಾನು ಹೋಗುತ್ತೇನೆ. “ಬಿಟ್ಟೆ” ಅಂದರೆ ನಾನು ತಪ್ಪಿದೆ, ಉಳಿದವರು ನೋಡಿಕೊಳ್ಳಿ. “ಹಿಂದ” ಅಂದರೆ ಗೋಲು ಖಾಲಿ ಇದೆ. ನಾಲ್ಕನೆಯದು ಹಗ್ಗದ್ದು. ಈ ನಾಲ್ಕನ್ನು ಬಿಟ್ಟು ಆಟದ ಐದು ನಿಮಿಷ ಬೇರೆ ಮಾತಿಲ್ಲ. ‘ಲೇ’ ಅಂತೂ ಇಲ್ಲವೇ ಇಲ್ಲ. ಮೊದಲ ದಿನ ‘ಲೇ’ ತೆಗೆದ ಮೇಲೆ ಹುಡುಗರಿಗೆ ಹೇಳಲು ಮಾತೇ ಉಳಿಯಲಿಲ್ಲ, ಲ್ಯಾಬು ಗುಡಿಯ ಹಾಗೆ ತಣ್ಣಗಿತ್ತು.

ಹೆಡ್‌ಫೋನು ಕೊಳ್ಳಲು ಹೋಗಬೇಡಿ. ಮೂವರನ್ನು ಒತ್ತೊತ್ತಿಗೆ ಕೂರಿಸಿ, ನಡುವೆ ಆಡುವವನು ನಡುವಿನ ಕುರ್ಚಿಯಲ್ಲೇ ಇರಲಿ. ಒಂದು ತೊಂದರೆ ನಮ್ಮೂರಿನದೇ. ಮಗ್ಗದ ಸದ್ದಿನಲ್ಲಿ ಬೆಳೆದ ಮಕ್ಕಳು ಪಕ್ಕದಲ್ಲಿ ಕೂತವನಿಗೂ ಓಣಿಯಾಚೆ ಕೇಳುವ ಹಾಗೆ ಮಾತಾಡುತ್ತಾರೆ. ಅವರದೇನು ತಪ್ಪು, ಮನೆಯಲ್ಲಿ ಕೂಗದಿದ್ದರೆ ಊಟಕ್ಕೂ ಕರೆಯುವ ಹಾಗಿಲ್ಲ. ಎದುರು ಟೀಮಿಗೆ ನಮ್ಮ ಮಾತು ಕೇಳಿಸಿಬಿಡುತ್ತದೆ ಎಂದು ಸನ್ನೆ ಕಲಿಯಹೊರಟರು. ಕೈ ಕೀಬೋರ್ಡ್ ಬಿಟ್ಟರೆ ಗಾಡಿ ಓಡಿಸುವವರ್ಯಾರು? ಕೇಳಿಸಿಕೊಳ್ಳಲಿ ಬಿಡಿ, ಕೇಳಿಸಿದರೂ ತಡೆಯಲಾಗದ ಹಾಗೆ ಆಡಿ ಎಂದೆ.

ಹೊತ್ತು, ಹೆಣ್ಣುಮಕ್ಕಳು, ಮತ್ತು ಒಂದು ಪ್ರಶ್ನೆ

ನಾಲ್ಕೂ ಕಾಲಕ್ಕೆ ಶುರು. ಮೊದಲು ಹೊರಗೆ ಇಪ್ಪತ್ತು ನಿಮಿಷ ಓಟ, ಹಗ್ಗ. ಆಮೇಲೆ ನಲವತ್ತು ನಿಮಿಷ ಆಟ. ಕೊನೆಗೆ ಹತ್ತು ನಿಮಿಷ ನೋಟ್‌ಬುಕ್ ಓದುವುದು. ಐದೂವರೆಗೆ ಬಾಗಿಲು ಹಾಕುತ್ತೇನೆ. ಹತ್ತನೇ ಕ್ಲಾಸಿನವರು ಜನವರಿಯಿಂದ ಬರುವಂತಿಲ್ಲ, ಪರೀಕ್ಷೆ ಮುಗಿಯಲಿ.

ಮೊದಲ ವಾರ ಹೆಸರು ಕೊಟ್ಟವರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಕೇಳಿದರೆ, “ಹುಡುಗೂರು ಕುಂದರಾಕ ಬಿಡೂದಿಲ್ರಿ” ಎಂದರು. ಖರೆ. ಯಂತ್ರ ಆರು, ನುಗ್ಗುವವರು ಇಪ್ಪತ್ತು. ಹಾಗಾಗಿ ಮೊದಲೆರಡು ತಿಂಗಳು ಶುಕ್ರವಾರವನ್ನು ಪೂರ್ತಿ ಹುಡುಗಿಯರಿಗೆ ಬಿಟ್ಟೆ. ಕೈ ಕುದುರಿದ ಮೇಲೆ ಕೂಡಿಸಿ ಆಡಿಸಿದೆ. ಇವರು ಮೊದಲ ದಿನವೇ ಕೂಡಿ ಆಡಿದ್ದರೆ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಈಗಿನ ನಾಯಕಿ ಆ ಹಗ್ಗದ ಹುಡುಗಿಯೇ. ಹಳ್ಳಿಯಿಂದ ಬರುವವಳು, ಅವಳ ಬಸ್ಸು ಆರಕ್ಕೆ. ಬಾಗಿಲು ಐದೂವರೆಗೆ ಹಾಕುವುದು ಅದಕ್ಕೇ.

ಪ್ರಶ್ನೆ ಬಂದೇ ಬರುತ್ತದೆ: “ಅಕ್ಕೋರ, ಇದರಾಗ ಮುಂದ ಹೋದ್ರ ರೊಕ್ಕ ಗಳಿಸಬಹುದೇನ್ರಿ?” ಸುಳ್ಳು ಹೇಳಬೇಡಿ. ಜಕಾರ್ತಾದಲ್ಲಿ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದರು, ಅದು ಹಾರ್ತ್‌ಸ್ಟೋನ್ ಎಂಬ ಎಲೆಯಾಟದಲ್ಲಿ, ಬಂದೂಕಿನದಲ್ಲ, ಪ್ರದರ್ಶನದ ಆಟವಾದ್ದರಿಂದ ದೇಶದ ಪದಕಗಳ ಲೆಕ್ಕಕ್ಕೆ ಸೇರಲಿಲ್ಲ ಎಂದು ಹೇಳುತ್ತೇನೆ. ಹುಡುಗರ ಮುಖ ಸ್ವಲ್ಪ ಇಳಿಯುತ್ತದೆ. ನಾನು ಕಲಿಸಿದ ಖೋ ಖೋ ಮಕ್ಕಳಲ್ಲಿ ಆಟದಿಂದ ನೌಕರಿ ಸಿಕ್ಕಿದ್ದು ಇಬ್ಬರಿಗೆ, ಹದಿನಾಲ್ಕು ವರ್ಷದಲ್ಲಿ ಎಂದೂ ಹೇಳುತ್ತೇನೆ. ಆಮೇಲೆ ಕೇಬಲ್ ತುದಿಗೆ ಪಿನ್ನು ಹಾಕುವುದು ಯಾರು ಕಲಿಯುತ್ತೀರಿ ಎಂದರೆ ನಾಲ್ಕು ಕೈ ಏಳುತ್ತವೆ.

ಮ್ಯಾಚು

ಬೇರೆ ಶಾಲೆಯ ಜೊತೆ ಆಡುವ ಮೊದಲು ನಿಯಮ ಬರೆದು ಎರಡೂ ಕಡೆ ಸಹಿ ಮಾಡಿಸಿ. ನಾವು ಮಾಡಿರಲಿಲ್ಲ. ಮೊದಲ ಮ್ಯಾಚಿನಲ್ಲಿ ಮೂರನೇ ನಿಮಿಷಕ್ಕೆ ಕರೆಂಟು ಹೋಯಿತು, ಹಳೇ ಯುಪಿಎಸ್ಸು ಎರಡು ಸಲ ಕೂಗಿ ಪ್ರಾಣ ಬಿಟ್ಟಿತು. ನಾವು ಒಂದು ಗೋಲು ಮುಂದಿದ್ದೆವು. ಗೆದ್ದೆವೆಂದು ನಮ್ಮವರು, ಮೊದಲಿಂದ ಆಡಬೇಕೆಂದು ಅವರು. ಮಕ್ಕಳಿಗಿಂತ ನಾವು ಟೀಚರುಗಳೇ ಜೋರು ಜಗಳವಾಡಿದೆವು ಎನ್ನುವುದು ಈಗ ನೆನಪಾದರೆ ನಾಚಿಕೆ.

ಈಗ ನಿಯಮ ಹೀಗಿದೆ. ಐದು ನಿಮಿಷದ ಮೂರು ಆಟ, ಎರಡು ಗೆದ್ದವರು ಗೆದ್ದಂತೆ. ಪ್ರತಿ ಆಟಕ್ಕೂ ಕುರ್ಚಿ ಅದಲುಬದಲು, ಏಕೆಂದರೆ ಆರು ಯಂತ್ರಗಳೂ ಒಂದೇ ಸಮ ಓಡುವುದಿಲ್ಲ. ಪಕ್ಕದಲ್ಲಿ ಎರಡೂ ಶಾಲೆಯ ಒಬ್ಬೊಬ್ಬ ಮಗು ಗಡಿಯಾರ ಹಿಡಿದು ಗೋಲು, ಸಮಯ ಬರೆಯುತ್ತದೆ. ಕರೆಂಟು ಹೋದರೆ ಎಲ್ಲರೂ ಕೈ ಮೇಲೆತ್ತಬೇಕು, ಬರೆದ ಸ್ಕೋರೇ ಸ್ಕೋರು, ಉಳಿದ ನಿಮಿಷಗಳನ್ನು ಕರೆಂಟು ಬಂದ ಮೇಲೆ ಆಡುವುದು.

ಕಳೆದ ತಿಂಗಳು ಅದೇ ಶಾಲೆಯವರು ಬಂದಿದ್ದರು. ಕೊನೆಯ ಆಟ, ಎರಡು-ಎರಡು ಗೋಲು, ಕರೆಂಟು ಹೋಯಿತು. ಆರು ಜೊತೆ ಕೈ ಒಮ್ಮೆಲೇ ಮೇಲೆದ್ದವು. ಬರೆಯುವ ಮಕ್ಕಳು ಎರಡು ನಿಮಿಷ ಉಳಿದಿದೆ ಎಂದು ಓದಿ ಹೇಳಿದರು. ಕತ್ತಲ ರೂಮಿನಲ್ಲಿ ಕೂತು ಮಾಡುವುದೇನೆಂದು ಎಲ್ಲರೂ ಮೈದಾನಕ್ಕೆ ಹೋದರು. ಐದೂ ಕಾಲಿಗೆ ಕರೆಂಟು ಬಂತು, ನಾನು ಬಾಗಿಲಲ್ಲಿ ನಿಂತು ಸೀಟಿ ಊದಿದೆ. ಎರಡೂ ಶಾಲೆಯವರು ಕಲೆತು ಎಂಟು ಜನ ಸಾಲಾಗಿ ಕೂತು ಖೋ ಖೋ ಹಚ್ಚಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ಬಸ್ಸಿನ ಹೊತ್ತಾಯಿತು. ಆ ಎರಡು ನಿಮಿಷ ಇನ್ನೂ ಬಾಕಿ ಇದೆ.